ಮುಂಗಡ ಕೊಡೋ ಮುಂಚೆ

ಸಿ.ಎಸ್. ಪುರದಲ್ಲಿ ಮನೆ ನೋಡಿ ಒಪ್ಪಿಗೆಯಾಯ್ತಾ? ಮುಂಗಡ ಕೊಡೋ ಮುಂಚೆ ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11 ಕೇಳಿ. ಅದರಲ್ಲಿರೋ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಓದಿ. ಪೂರ್ವಕ್ಕೆ ರಸ್ತೆ ಅಂತಿದ್ರೆ, ಮನೆ ಮುಂದೆ ನಿಂತು ನೋಡಿ, ರಸ್ತೆ ಅಲ್ಲೇ ಇದೆಯಾ? ಟೇಪ್ ಹಿಡಿದು ಅಳತೆನೂ ತಾಳೆ ಮಾಡಿ.

ಮನೆ ಮೇಲೆ ಸಾಲ ಇದೆಯಾ? ಕಾವೇರಿ 2.0 ಜಾಲತಾಣದಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ನೋಂದಣಿಯಾದ ಅಡಮಾನ ಅದರಲ್ಲಿ ಕಾಣುತ್ತೆ, ಕೈಸಾಲ ಕಾಣಲ್ಲ.

ಪಿತ್ರಾರ್ಜಿತ ಮನೆ ಮಾರೋಕೆ ಹೆಣ್ಣುಮಕ್ಕಳ ಸಹಿ ಬೇಕಾ? ಖಂಡಿತ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅವರಿಗೂ ಸಮಪಾಲು ಕೊಟ್ಟಿದೆ. ಮಾರೋರ ಅಕ್ಕ ಕುಣಿಗಲ್‌ಗೆ ಮದುವೆಯಾಗಿ ಹೋಗಿದ್ರೂ ಅವರನ್ನ ಬಿಟ್ಟು ಕ್ರಯ ಮಾಡ್ಬೇಡಿ. ಅದು ಅನ್ಯಾಯ, ಕೋರ್ಟಿನಲ್ಲೂ ನಿಲ್ಲೋದು ಕಷ್ಟ.

ಕ್ರಯಪತ್ರದ ಬದಲು ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಸಾಕಾ? ಸಾಲದು. ಅದರಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಕ್ರಯಪತ್ರ ನೋಂದಣಿ ಮಾಡಿಸಿಕೊಳ್ಳದೆ ಪೂರ್ತಿ ಹಣ ಕೊಡ್ಬೇಡಿ.