ನರಕದ ಶಿಕ್ಷೆಗೆ ಕೊನೆಯಿದೆಯೇ?

ಪ್ರಶ್ನೆ: ಸತ್ತ ಮೇಲಿನ ಶಿಕ್ಷೆ ಮುಗಿಯುವುದೇ ಇಲ್ಲವೆಂದು ಕ್ರೈಸ್ತರೆಲ್ಲ ನಂಬುತ್ತಾರೆಯೇ? (ಓದುಗರು, ಕೋರಮಂಡಲ್)

ಉತ್ತರ: ಎಲ್ಲರೂ ಇಲ್ಲ. ಚರ್ಚೆ ಮುಖ್ಯವಾಗಿ ಒಂದು ಗ್ರೀಕ್ ಪದದ ಸುತ್ತ ನಡೆದಿದೆ. ಮತ್ತಾಯನ ಸುವಾರ್ತೆ 25ನೇ ಅಧ್ಯಾಯದ ಕೊನೆಯ ವಚನದಲ್ಲಿ ದಂಡನೆಗೂ ಜೀವಕ್ಕೂ 'ಅಯೋನಿಯೊಸ್' ಎಂಬ ಒಂದೇ ವಿಶೇಷಣವಿದೆ. ಜೀವ ನಿತ್ಯವಾದರೆ ದಂಡನೆಯೂ ನಿತ್ಯವೇ ಎಂದು 5ನೇ ಶತಮಾನದಲ್ಲಿ ಸಂತ ಅಗಸ್ಟೀನ್ ವಾದಿಸಿದರು. ಕಥೋಲಿಕರು ಮತ್ತು ಬಹುಪಾಲು ಪ್ರೊಟೆಸ್ಟೆಂಟರು ಇದನ್ನೇ ಒಪ್ಪಿದ್ದಾರೆ. ಆದರೆ ಆ ಪದದ ಮೂಲವಾದ 'ಅಯೋನ್' ಎಂದರೆ ಯುಗ. ಅದಕ್ಕೆ ಕೊನೆಯುಂಟು ಎನ್ನುವವರೂ ಇದ್ದಾರೆ.

ನನ್ನ ಮನಸ್ಸಿಗೆ ಹತ್ತಿರವಾದವರು 4ನೇ ಶತಮಾನದ ನೀಸಾದ ಗ್ರೆಗೊರಿ. ಅವರು ಕೊಟ್ಟ ಹೋಲಿಕೆಯನ್ನು ನಿಮ್ಮಂಥ ಚಿನ್ನದ ಗಣಿಯ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ: ಚಿನ್ನವನ್ನು ಕಲ್ಮಶದ ಜೊತೆಗೇ ಕರಗಿಸಬೇಕು, ಕಲ್ಮಶ ಸುಟ್ಟುಹೋಗುತ್ತದೆ, ಚಿನ್ನ ಉಳಿಯುತ್ತದೆ. ಆತ್ಮವೂ ಹಾಗೆಯೇ, ಬೆಂದು ಶುದ್ಧವಾಗಿ ದೇವರ ಬಳಿಗೆ ಮರಳುತ್ತದೆ. ಸೆವೆಂತ್ ಡೇ ಅಡ್ವೆಂಟಿಸ್ಟರದು ಬೇರೆಯೇ ನಂಬಿಕೆ. ಅವರ ಪ್ರಕಾರ ದುಷ್ಟರು ಸುಟ್ಟು ಇಲ್ಲವಾಗುತ್ತಾರೆ, ನರಳುತ್ತಲೇ ಇರುವುದಿಲ್ಲ.

ನವೆಂಬರ್ 2ರಂದು ಕಥೋಲಿಕರು ಸುಣ್ಣ ಬಳಿದ ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚುತ್ತಾರಲ್ಲ, ಆ ಪ್ರಾರ್ಥನೆ ನರಕದವರಿಗಲ್ಲ. ನಿಮ್ಮ ಕಡೆಯ ತಮಿಳು ಕಥೋಲಿಕರು 'ಉತ್ತರಿಕ್ಕಿರ ಸ್ಥಲಂ' ಎನ್ನುವ ಶುದ್ಧೀಕರಣದ ಸ್ಥಿತಿಯಲ್ಲಿರುವವರಿಗೆ. ಅಲ್ಲಿನ ನೋವಿಗೆ ಕೊನೆಯಿದೆ ಎಂಬುದು ಸಭೆಯ ಬೋಧನೆ. ಅನೇಕರನ್ನು ಸಂತರೆಂದು ಸಾರಿರುವ ಕಥೋಲಿಕ ಸಭೆ, ಇಂಥವರು ನರಕದಲ್ಲಿದ್ದಾರೆ ಎಂದು ಯಾವ ಮನುಷ್ಯರ ಹೆಸರನ್ನೂ ಈವರೆಗೆ ಘೋಷಿಸಿಲ್ಲ.