ಸ್ವಾಮೀಜಿಯ ಶಿಷ್ಯ ಹಾಕಿದ ಪಥ್ಯ

ಕೊಯಮತ್ತೂರು ಕಡೆಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ವಾಮಿ ಸಚ್ಚಿದಾನಂದರು 1969ರ ವುಡ್‌ಸ್ಟಾಕ್ ಸಂಗೀತೋತ್ಸವದ ಆರಂಭದಲ್ಲಿ ಮಾತನಾಡಿ ಹೆಸರಾದವರು. ಹೃದ್ರೋಗದ ಚಿಕಿತ್ಸೆಯಲ್ಲೂ ಅವರದೊಂದು ಪಾತ್ರವಿದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಖಿನ್ನತೆಯಿಂದ ಕಾಲೇಜು ಬಿಟ್ಟು ಟೆಕ್ಸಾಸ್‌ನ ಮನೆ ಸೇರಿದ್ದ ಡೀನ್ ಆರ್ನಿಶ್‌ಗೆ ಸಿಕ್ಕ ಗುರು ಅವರೇ. ಯೋಗ, ಧ್ಯಾನ, ಸಸ್ಯಾಹಾರ ಮೂರನ್ನೂ ಆರ್ನಿಶ್ ಒಟ್ಟಿಗೇ ಹಿಡಿದರು. ವೈದ್ಯರಾದ ಮೇಲೆ ಅದನ್ನೇ ರೋಗಿಗಳಿಗೂ ಹೇಳಿಕೊಟ್ಟರು.

ತಿನ್ನುವುದಕ್ಕೂ ರಕ್ತನಾಳಕ್ಕೂ ನಂಟಿದೆ ಎಂದು ಹೇಳಿದವರಲ್ಲಿ ಅವರು ಮೊದಲಿಗರೇನಲ್ಲ. 1913ರಲ್ಲೇ ರಷ್ಯಾದ ನಿಕೊಲಾಯ್ ಅನಿಚ್ಕೊವ್ ಮೊಲಗಳಿಗೆ ಕೊಲೆಸ್ಟೆರಾಲ್ ತಿನ್ನಿಸಿ, ನಾಳದ ಗೋಡೆಗೆ ಕೊಬ್ಬು ಮೆತ್ತಿಕೊಳ್ಳುವುದನ್ನು ತೋರಿಸಿದ್ದರು. ಆರ್ನಿಶ್ ಪ್ರಶ್ನೆ ಬೇರೆ: ಕಟ್ಟಿದ ನಾಳ ಕೊಲೆಸ್ಟೆರಾಲ್ ಮಾತ್ರೆಯಿಲ್ಲದೆ ಬಿಟ್ಟುಕೊಂಡೀತೇ?

ಪ್ರಯೋಗಕ್ಕೆ 48 ರೋಗಿಗಳನ್ನು ಆರಿಸಿ, 28 ಮಂದಿಗೆ ಪಥ್ಯ ಗೊತ್ತು ಮಾಡಿದರು. ಎಂಥ ಪಥ್ಯ! ಮಾಂಸ, ಮೀನು ಇಲ್ಲ. ಒಗ್ಗರಣೆಗೂ ಎಣ್ಣೆ ಇಲ್ಲ. ದಿನಕ್ಕೊಂದು ಕಪ್ ಕೆನೆ ತೆಗೆದ ಹಾಲು ಅಥವಾ ಮೊಸರು, ಮೊಟ್ಟೆಯ ಬಿಳಿಭಾಗ ಅಡ್ಡಿಯಿಲ್ಲ. ಕೊಬ್ಬಿನಿಂದ ಬರುವ ಕ್ಯಾಲೊರಿ ಶೇ 10ರ ಆಸುಪಾಸು. ಕಾಫಿಯೂ ಬಂದ್. ಜೊತೆಗೆ ವ್ಯಾಯಾಮ, ದಿನಕ್ಕೊಂದು ಗಂಟೆ ಯೋಗ-ಧ್ಯಾನ, ವಾರಕ್ಕೆರಡು ಸಲ ಎಲ್ಲರೂ ಕೂತು ಕಷ್ಟಸುಖ ಹೇಳಿಕೊಳ್ಳುವ ಸಭೆ.

1990ರ ಜುಲೈನಲ್ಲಿ ‘ಲ್ಯಾನ್ಸೆಟ್’ ಫಲಿತಾಂಶ ಪ್ರಕಟಿಸಿತು. ವರ್ಷದ ಪಥ್ಯದ ನಂತರ ನಾಳದ ಅಡಚಣೆ ಸರಾಸರಿ ಶೇ 40ರಿಂದ 37.8ಕ್ಕೆ ಇಳಿದಿತ್ತು, ಪಥ್ಯಕ್ಕೆ ಸೇರದವರಲ್ಲಿ 42.7ರಿಂದ 46.1ಕ್ಕೆ ಏರಿತ್ತು. ಇಳಿಕೆ ಸಣ್ಣದೇ, ಆದರೆ ದಿಕ್ಕು ತಿರುಗಿತ್ತು. ಎದೆನೋವಂತೂ ಬಹಳ ತಗ್ಗಿತ್ತು. ಆದರೂ ನನಗೊಂದು ತಕರಾರಿದೆ: ಇಷ್ಟೆಲ್ಲ ಒಟ್ಟಿಗೆ ಮಾಡಿಸಿದ ಮೇಲೆ ಗುಣವಾದದ್ದು ಸೊಪ್ಪಿನಿಂದಲೋ ಶವಾಸನದಿಂದಲೋ ಹೇಳುವುದು ಹೇಗೆ?

ಬರೀ ಆಹಾರದ ಲೆಕ್ಕ ಬೇಕಿದ್ದರೆ 2017ರ ಅಧ್ಯಯನ ನೋಡಬೇಕು. ಅಂಬಿಕಾ ಸತಿಜಾ ಮತ್ತು ಸಂಗಡಿಗರು ಅಮೆರಿಕದ ಎರಡು ಲಕ್ಷಕ್ಕೂ ಹೆಚ್ಚು ಆರೋಗ್ಯ ವೃತ್ತಿನಿರತರ ಊಟವನ್ನು ಪರಿಶೀಲಿಸಿದರು. ಇಡಿಧಾನ್ಯ, ಕಾಳು, ತರಕಾರಿ, ಹಣ್ಣು ಹೆಚ್ಚು ತಿಂದವರಲ್ಲಿ ಹೃದ್ರೋಗದ ಅಪಾಯ ಸುಮಾರು ಶೇ 25 ಕಡಿಮೆ. ಸಿಹಿ ಪಾನೀಯ, ಮೈದಾ, ಆಲೂಗಡ್ಡೆ, ಮಿಠಾಯಿ ಹೆಚ್ಚಾದ ಸಸ್ಯಾಹಾರದಲ್ಲಿ ಸುಮಾರು ಶೇ 32 ಜಾಸ್ತಿ! ಪೂರಿ-ಸಾಗು, ಜಾಮೂನು, ಸಂಜೆಯ ಬೋಂಡಾದ ನಡುವೆ ‘ನಮ್ಮದು ಶುದ್ಧ ಸಸ್ಯಾಹಾರ’ ಎಂದು ನೆಮ್ಮದಿಯಾಗಿರುವವರಿಗೆ ಇದು ಕಹಿ ಸುದ್ದಿ.

ಇದನ್ನೋದಿ ನಾಳೆಯೇ ಮಾತ್ರೆ ಬಿಟ್ಟು ಪಥ್ಯಕ್ಕೆ ಕೂರಬೇಡಿ. ಆರ್ನಿಶ್ ರೋಗಿಗಳು ಎಲ್ಲವನ್ನೂ ಮಾಡಿದ್ದು ವೈದ್ಯರ ಕಣ್ಣೆದುರೇ. ನೀವೂ ಮೊದಲು ನಿಮ್ಮ ಡಾಕ್ಟರನ್ನು ಕೇಳಿ.