ಕಾರು ಮೂವತ್ತು ಲಕ್ಷದ್ದು, ಖರ್ಚು ಕೋಟಿಯದ್ದು!

ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಎರಡೇ ಬಾಗಿಲು, ಹಿಂದಿನಿಂದ ಗುರ್ ಎನ್ನುವ ಸದ್ದು. ಇಂಥದೊಂದು ಸ್ಪೋರ್ಟ್ಸ್ ಕಾರು ಪೇಟೆಬೀದಿಗೆ ಬಂತೆಂದರೆ ಬಸ್ಸಿಗೆ ಕಾದು ನಿಂತವರು ಬಸ್ಸನ್ನೇ ಮರೆಯುತ್ತಾರೆ. ಅಂಗಡಿ ಸಾಹುಕಾರರು ಗಲ್ಲಾ ಬಿಟ್ಟು ಬಾಗಿಲಿಗೆ ಬರುತ್ತಾರೆ. "ಏನಿರಬಹುದು ಇದರ ರೇಟು?" ಎಂಬುದು ಎಲ್ಲರ ಬಾಯಲ್ಲಿ ಬರುವ ಮಾತು. "ಇದನ್ನು ಸಾಕೋಕೆ ಎಷ್ಟು ಬೇಕು?" ಎಂದು ಕೇಳುವವರು ಮಾತ್ರ ಅಪರೂಪ.

ಕೇಳಬೇಕಾದ ಕಾಲ ಬಂದಿದೆ. ಪೋರ್ಷೆ, ಆಡಿ ಟಿಟಿ, ಬಿಎಂಡಬ್ಲ್ಯು ಜೆಡ್4, ಮರ್ಸಿಡಿಸ್ ಎಸ್‌ಎಲ್‌ಕೆ ಮುಂತಾದ ಹೆಸರುಗಳೆಲ್ಲ ಈಗ ಸೆಕೆಂಡ್ ಹ್ಯಾಂಡ್ ಸಂತೆಗೆ ಇಳಿದಿವೆ. ದೊಡ್ಡ ಪಟ್ಟಣದ ಮೊದಲ ಮಾಲೀಕರಿಗೆ ಷೋಕಿ ತೀರಿದ ಮೇಲೆ ದಲ್ಲಾಳಿಯ ಮೊಬೈಲಿನಲ್ಲಿ ಅದರ ಫೋಟೋ ಊರೂರು ಸುತ್ತುತ್ತದೆ. ಹೊಸ ಇನ್ನೋವಾದ ದುಡ್ಡಿಗೆ ಹಳೇ ಪೋರ್ಷೆ! ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಯಾವ ಹುಡುಗನಿಗೆ ಆಸೆಯಾಗೋದಿಲ್ಲ?

ಲೆಕ್ಕಕ್ಕಾಗಿ ಒಂದು ಕಾರು ಹಿಡಿಯೋಣ. ಹೊಸದರಲ್ಲಿ ಒಂದು ಕೋಟಿ ರೂಪಾಯಿ, ಎಂಟು ವರ್ಷ ಓಡಿ ಮೂವತ್ತು ಲಕ್ಷಕ್ಕೆ ಇಳಿದಿದೆ ಎನ್ನಿ. ಎಪ್ಪತ್ತು ಲಕ್ಷ ಉಳಿಯಿತು ಅಂತ ಕೊಳ್ಳುವವನ ಎಣಿಕೆ. ಆದರೆ ಇಳಿದದ್ದು ಕಾರಿನ ಬೆಲೆಯಷ್ಟೆ. ಅದರ ಬ್ರೇಕ್ ಪ್ಯಾಡು, ಟೈರು, ದೀಪ, ಗೇರ್‌ಬಾಕ್ಸು, ಮೆಕ್ಯಾನಿಕ್ಕಿನ ಕೂಲಿ ಯಾವುದೂ ಇಳಿದಿಲ್ಲ. ಅವೆಲ್ಲ ಇವತ್ತಿಗೂ ಕೋಟಿ ರೂಪಾಯಿ ಕಾರಿನವೇ. ಸರ್ಕಾರದ ತೆರಿಗೆಯೂ ಅಷ್ಟೆ.

ನಂಬರ್ ಪ್ಲೇಟಿನ ಮರ್ಮ

ಅಗ್ಗದ ಕಾರುಗಳಲ್ಲಿ ಬಹಳಷ್ಟಕ್ಕೆ ಹೊರ ರಾಜ್ಯದ ನಂಬರು. ಕಾರಣ ಗುಟ್ಟೇನಲ್ಲ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ ನೂರಕ್ಕೆ 18. ಆ ತೆರಿಗೆಯ ಮೇಲೆ ನೂರಕ್ಕೆ 11ರಂತೆ ಸೆಸ್. ಕೂಡಿಸಿದರೆ ಹತ್ತಿರ ಹತ್ತಿರ ನೂರಕ್ಕೆ 20. ಕೋಟಿ ರೂಪಾಯಿ ಕಾರಿಗೆ 20 ಲಕ್ಷ ತೆರಿಗೆಯೇ ಆಯಿತು. ಪುದುಚೇರಿಯಂಥ ಕಡೆ ಇದರ ಒಂದು ಪಾಲಿನಲ್ಲಿ ಕೆಲಸ ಮುಗಿಯುತ್ತೆ. ಹಾಗಾಗಿ ಅಲ್ಲಿ ನಂಬರು ಹಾಕಿಸಿ ಇಲ್ಲಿ ಓಡಿಸುವುದು ಹಳೇ ಚಾಳಿ.

ಈ ಚಾಳಿಗೆ ಈಚೆಗೆ ಬಿಸಿ ಮುಟ್ಟಿದೆ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ಒಂದೇ ದಾಳಿಯಲ್ಲಿ 30 ಐಷಾರಾಮಿ ಕಾರುಗಳನ್ನು ಹಿಡಿದರು. ಫೆರಾರಿ, ಪೋರ್ಷೆ, ಆಸ್ಟನ್ ಮಾರ್ಟಿನ್ ಎಲ್ಲ ಅದರಲ್ಲಿದ್ದವು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರದ ನಂಬರಿನ ಒಂದು ಫೆರಾರಿಗೆ ನೋಟಿಸು ಅಂಟಿಸಿದ್ದೇ ತಡ, ಮಾಲೀಕರು ಒಂದೇ ದಿನದಲ್ಲಿ ಸುಮಾರು 1.42 ಕೋಟಿ ರೂಪಾಯಿ ಕಟ್ಟಿದರು. ಕೋಟಿ ಕಟ್ಟುವ ತಾಕತ್ತಿದ್ದವರು ಕಟ್ಟಿದರು. ಸಾಲ ಮಾಡಿ ಮೂವತ್ತು ಲಕ್ಷದ ಕಾರು ತಂದವನು ಏನು ಮಾಡಬೇಕು?

ಕಾನೂನು ಹೀಗಿದೆ. 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಹೊರ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರು ಹಾಕಿಸಲೇಬೇಕು. ಆಗ ಇಲ್ಲಿಯ ತೆರಿಗೆಯೂ ಬೀಳುತ್ತದೆ. ಗಾಡಿಯ ವಯಸ್ಸಿಗೆ ತಕ್ಕ ರಿಯಾಯಿತಿ ಇದೆ, ನಿಜ. ಆದರೆ ಲೆಕ್ಕ ಶುರುವಾಗುವುದು ಅದರ ಹೊಸ ಬೆಲೆಯಿಂದ. "ಸ್ವಾಮಿ, ನಾನು ಕೊಂಡದ್ದು ಬರೀ ಮೂವತ್ತಕ್ಕೆ" ಎಂದು ಆರ್.ಟಿ.ಓ. ಕಿಟಕಿಯಲ್ಲಿ ಗೋಗರೆದರೆ ನಡೆಯೋದಿಲ್ಲ. ಅತ್ತ ಕಟ್ಟಿದ್ದ ತೆರಿಗೆಯಲ್ಲಿ ಉಳಿದ ಪಾಲನ್ನು ವಾಪಸು ಕೇಳಬಹುದು. ಅದಕ್ಕೆ ಆ ರಾಜ್ಯದ ಆಫೀಸಿನ ಬಾಗಿಲು ಬಡಿಯಬೇಕು, ಅಷ್ಟೆ.

ತೆರಿಗೆ ವಿಪರೀತ ಎಂದು ಗೊಣಗುವುದರಲ್ಲಿ ನ್ಯಾಯವಿಲ್ಲದಿಲ್ಲ. ಹಾಗಂತ ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದ ಕೂಲಿಯವನಿಗೆ ದಂಡ ಹಾಕುವ ಊರಿನಲ್ಲಿ ಇವರಿಗೆ ಮಾತ್ರ ಪುಕ್ಕಟೆ ಸವಾರಿ ಯಾಕೆ?

ಇಂಥ ಕಾರು ನೋಡಲು ಹೋದವರು ಮೊದಲು ಕೇಳಬೇಕಾದ್ದು ಕಾರಿನ ಕೀಲಿಯನ್ನಲ್ಲ, ಕಾಗದವನ್ನು. ನಿರಾಕ್ಷೇಪಣಾ ಪತ್ರ, ಎಲ್ಲರ ಬಾಯಲ್ಲಿ ಎನ್.ಓ.ಸಿ., ಅದಕ್ಕೆ ಫಾರಂ 28. ಬ್ಯಾಂಕಿನ ಸಾಲ ತೀರಿದ್ದಕ್ಕೆ ಫಾರಂ 35. ಕಾರು ಅಡವಿನಲ್ಲಿದೆಯೇ, ದಂಡದ ಚಲನ್ನುಗಳು ಬಾಕಿ ಇವೆಯೇ ಎಂಬುದು ಸಾರಿಗೆ ಇಲಾಖೆಯ ಪರಿವಾಹನ್ ತಾಣದಲ್ಲಿ ಸಿಗುತ್ತದೆ. "ಎನ್.ಓ.ಸಿ. ಆಮೇಲೆ ಕಳಿಸ್ತೀನಿ, ನೀವು ದುಡ್ಡು ಹಾಕಿ" ಎನ್ನುವ ದಲ್ಲಾಳಿಗೆ ಒಂದು ನಮಸ್ಕಾರ ಹಾಕಿ ಎದ್ದು ಬರುವುದೇ ಕ್ಷೇಮ.

ಮೀಟರು ಸುಳ್ಳು, ಗಂಟೆ ನಿಜ

ಕಿಲೋಮೀಟರ್ ಮೀಟರು ಹಿಂದಕ್ಕೆ ತಿರುಗಿಸುವುದು ಅಂಬಾಸಿಡರ್ ಕಾಲದ ಕೈಚಳಕ. ಈಗ ಕಂಪ್ಯೂಟರಿನಲ್ಲೇ ತಿರುಗಿಸುತ್ತಾರೆ. ಆದರೆ ಕಾರಿನ ಕಂಪ್ಯೂಟರು ಒಂದಲ್ಲ, ಹತ್ತಾರು. ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆ ಉಳಿದಿರುತ್ತದೆ. ಪೋರ್ಷೆಯಂಥ ಕಾರುಗಳ ಎಂಜಿನ್ ಕಂಪ್ಯೂಟರಿನಲ್ಲಿ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕ ಸಿಗುತ್ತದೆ. ಮೀಟರು 20,000 ಕಿ.ಮೀ. ತೋರಿಸಿ, ಎಂಜಿನ್ 2,000 ಗಂಟೆ ಓಡಿದೆ ಎಂದರೆ ಏನರ್ಥ? ಕಾರು ಗಂಟೆಗೆ 10 ಕಿ.ಮೀ.ನಂತೆ ತೆವಳಿದೆ ಎಂದಾಯಿತು. ಎತ್ತಿನ ಗಾಡಿಯನ್ನು ಸ್ವಲ್ಪ ಮೀರಿಸುವ ವೇಗ! ಇನ್ನೊಂದು ಸಂಗತಿಯೂ ಅಲ್ಲೇ ಸಿಗುತ್ತೆ: ಎಂಜಿನ್ನನ್ನು ಮಿತಿ ಮೀರಿ ಎಷ್ಟು ಸಲ ತಿರುಗಿಸಲಾಗಿದೆ, ಕೊನೆಯ ಸಲ ಯಾವ ಗಂಟೆಯಲ್ಲಿ ಎಂಬುದು. ಹಳೇ ಮಾಲೀಕನ ಕಾಲು ಎಷ್ಟು ಭಾರ ಎಂದು ಕಾರೇ ಸಾಕ್ಷಿ ಹೇಳುತ್ತದೆ. ತಕ್ಕ ಸ್ಕ್ಯಾನರ್ ಇಟ್ಟುಕೊಂಡ ಗ್ಯಾರೇಜಿಗೆ ಕೆಲವು ಸಾವಿರ ಕೊಟ್ಟು ಈ ಚೀಟಿ ತೆಗೆಸದೆ ಲಕ್ಷಗಟ್ಟಲೆ ಎಣಿಸಿಕೊಡುವುದು ಹುಚ್ಚುತನ.

ನೀರು ಕುಡಿದ ಕಾರು ಇದಕ್ಕಿಂತ ದೊಡ್ಡ ಅಪಾಯ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು ಕಡೆ ಬಂಗಲೆಗಳ ಮುಂದೆ ಕೋಟಿ ಬೆಲೆಯ ಕಾರುಗಳು ಕಿಟಕಿವರೆಗೂ ನೀರಿನಲ್ಲಿ ನಿಂತಿದ್ದ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ವಿಮಾ ಕಂಪನಿಗಳು ಕೈಬಿಟ್ಟ ಇಂಥ ಗಾಡಿಗಳು ಹರಾಜಾಗಿ, ತೊಳೆದು ಪಾಲಿಶ್ ಆಗಿ ಮತ್ತೆ ಸಂತೆಗೆ ಬರುವುದುಂಟು. ಪತ್ತೆಗೆ ಒಂದು ಸುಲಭ ಉಪಾಯ: ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆದು ನೋಡುವುದು. ಹೊರಗೆ ಎಷ್ಟೇ ತೊಳೆದಿರಲಿ, ಒಳಗೆ ಸುತ್ತಿಕೊಂಡ ತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು, ಚಾಪೆ ಎತ್ತಿದಾಗ ಬರುವ ಮುಗ್ಗಲು ವಾಸನೆಯೂ ಅಷ್ಟೇ ನಿಜ ಹೇಳುತ್ತವೆ.

ಮಳೆಗಾಲ, ಹಂಪು, ಪಂಕ್ಚರ್

ಕಾರು ಮನೆಗೆ ಬಂತು. ಪೂಜೆ ಆಯಿತು, ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿತು. ಇನ್ನು ಮೇಲೆ ಶುರು.

ಮಲೆನಾಡು, ಕರಾವಳಿಯವರು ಮೊದಲು ಮೋರಿ ನೋಡಿಕೊಳ್ಳಬೇಕು. ಮನೆಯ ಮೋರಿಯಲ್ಲ, ಕಾರಿನದು! ಮಡಚುವ ಛಾವಣಿಯ ಕಾರುಗಳಲ್ಲಿ ಮಳೆನೀರು ಇಳಿದುಹೋಗಲು ಸಣ್ಣ ಕೊಳವೆಗಳಿವೆ. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಎಲೆ, ಕಸ ಕಟ್ಟಿಕೊಂಡರೆ ನೀರು ಒಳಗೆ ಇಳಿಯುತ್ತದೆ. ಪೋರ್ಷೆ ಬಾಕ್ಸ್‌ಟರಿನ ಮೊದಲ ಮಾದರಿಯಲ್ಲಿ ಕೀಲಿಯನ್ನು ಗುರುತು ಹಿಡಿಯುವ ವಿದ್ಯುತ್ ಪೆಟ್ಟಿಗೆಯನ್ನು ಇಟ್ಟಿದ್ದೇ ಸೀಟಿನ ಕೆಳಗೆ. ಅಂಗೈಯಗಲ ನೀರು ನಿಂತರೆ ಸಾಕು, ಕಾರು ಸ್ಟಾರ್ಟೇ ಆಗೋದಿಲ್ಲ. ಮುಂಗಾರಿಗೆ ಮುಂಚೆ ಆ ಕೊಳವೆಗಳನ್ನು ಬಿಡಿಸಿ ನೋಡುವ ಕೆಲಸಕ್ಕೆ ದುಡ್ಡೇ ಬೇಕಿಲ್ಲ. ಮರೆತರೆ ಮಾತ್ರ ಲಕ್ಷದ ಮಾತು.

ಟೈರಿನ ಕಥೆ ಇನ್ನೂ ಸ್ವಾರಸ್ಯ. ಈಚಿನ ಪೋರ್ಷೆ 911 ಕರೇರಾ ಎಸ್ ಕಾರಿಗೆ ಮುಂದಿನ ಗಾಲಿ 20 ಇಂಚು, ಹಿಂದಿನದು 21. ಹಿಂದಿನ ಟೈರು ಮುಂದಿನದಕ್ಕಿಂತ ಅಗಲ. ಮಾಮೂಲಿ ಕಾರಿನಂತೆ ಹಿಂದಿನದು ಮುಂದಕ್ಕೆ, ಮುಂದಿನದು ಹಿಂದಕ್ಕೆ ಬದಲಾಯಿಸಿ ಇನ್ನಷ್ಟು ದಿನ ತಳ್ಳುವ ಹಾಗಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿಯೂ ಇಲ್ಲ. ಗೋಂದಿನಂಥ ದ್ರವದ ಡಬ್ಬಿ ಕೊಟ್ಟಿರುತ್ತಾರೆ. ಟೈರು ಪಕ್ಕದಲ್ಲಿ ಹರಿದರೆ ಆ ಡಬ್ಬಿ ಕೆಲಸಕ್ಕೆ ಬಾರದು. ಬೈಪಾಸಿನ ಪಂಕ್ಚರ್ ಅಂಗಡಿಯಲ್ಲಿ ಈ ಅಳತೆಯ ಟೈರು ಸಿಗುವ ಮಾತೂ ಇಲ್ಲ. ಹೆಚ್ಚು ಓಡದ ಕಾರಿನ ಟೈರು ಹೊಸದರಂತೆ ಹೊಳೆಯುತ್ತದೆ, ಅದಕ್ಕೂ ಮೋಸಹೋಗಬಾರದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚೊತ್ತಿರುತ್ತದೆ. 2318 ಎಂದಿದ್ದರೆ 2018ರ 23ನೇ ವಾರದ ಟೈರು ಎಂದು ತಿಳಿಯಬೇಕು.

ಇನ್ನು ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದ ಹಂಪಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಅಷ್ಟು ಅಗಲವಾಗಿ, ನಿಧಾನವಾಗಿ ಏರಿಳಿದರೆ ಇಂಥ ಕಾರೂ ದಾಟಬಲ್ಲದು. ಊರಿನವರು ರಾತ್ರೋರಾತ್ರಿ ಮಣ್ಣು, ಜಲ್ಲಿ ಸುರಿದು ಎಬ್ಬಿಸಿದ ಗೋಡೆಗೆ ಯಾವ ಅಳತೆ? ಕೆಲವು ಕಾರುಗಳಲ್ಲಿ ಗುಂಡಿ ಒತ್ತಿದರೆ ಮೂತಿ ನಾಲ್ಕು ಸೆಂಟಿಮೀಟರಿನಷ್ಟು ಮೇಲೇಳುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಏರಿಳಿಯುವ ಸೌಲಭ್ಯ ಇದೆಯೇ, ಇದ್ದರೆ ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ಬಣ್ಣ ನೋಡುವುದಕ್ಕಿಂತ ಮುಖ್ಯ. ಮುಂದಿನ ಬಂಪರು ಒಡೆದರೆ ವಿಮೆ ಇದೆಯಲ್ಲ ಎನ್ನಬಹುದು. ಸಾಧಾರಣ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ದುಡ್ಡು ಮಾತ್ರ. ಉಳಿದರ್ಧ ಮಾಲೀಕನ ಜೇಬಿನಿಂದ. ಪೂರ್ತಿ ಕೊಡುವ ಝೀರೋ ಡೆಪ್ರಿಸಿಯೇಷನ್ ಪಾಲಿಸಿ ಹಳೇ ಕಾರಿಗೆ ಸಿಗುವುದು ಕಷ್ಟ.

ಸರ್ವಿಸಿನ ವಿಚಾರದಲ್ಲಿ ಒಂದು ತಪ್ಪು ಕಲ್ಪನೆ ಬಲವಾಗಿದೆ: ಓಡಿಸದಿದ್ದರೆ ಖರ್ಚಿಲ್ಲ ಎಂದು. ಬ್ರೇಕಿನ ಆಯಿಲ್ ಗಾಳಿಯ ತೇವ ಹೀರುತ್ತದೆ. ಪೋರ್ಷೆ ಕಾರಿನಲ್ಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತರೆ ಬ್ಯಾಟರಿ ಇಳಿದು ಕಂಪ್ಯೂಟರುಗಳಿಗೆ ಗ್ರಹಣ ಹಿಡಿಯುತ್ತದೆ. ಆಡಿ ಟಿಟಿಯ ಆರು ಗೇರಿನ ಡಿ.ಎಸ್.ಜಿ. ಗೇರ್‌ಬಾಕ್ಸಿಗೆ 60,000 ಕಿ.ಮೀ.ಗೊಮ್ಮೆ ಆಯಿಲ್ ಬದಲಾವಣೆ. ಅದನ್ನು ತಪ್ಪಿಸಿ ಮಾರಿದ ಕಾರು ಕೊಂಡವನಿಗೆ ಮುಂದೆ ಗೇರ್‌ಬಾಕ್ಸೇ ಕೈಕೊಟ್ಟೀತು. ಜಗತ್ತಿನಲ್ಲೇ ಹೆಸರಾದ ಉದಾಹರಣೆ ಇಟಲಿಯ ಫೆರಾರಿ ಎಫ್355. ಅದರ ಟೈಮಿಂಗ್ ಬೆಲ್ಟ್ ಎಂಬ ರಬ್ಬರ್ ಪಟ್ಟಿ ಬದಲಾಯಿಸಲು ಎಂಜಿನ್ನನ್ನೇ ಹೊರಕ್ಕೆ ಇಳಿಸಬೇಕು! 2004ರ ಎಫ್430 ಬಂದ ಮೇಲೆ ಪಟ್ಟಿಯ ಬದಲು ಚೈನು ಬಂತು, ಆ ಕಾಟ ತಪ್ಪಿತು. ಆಮೇಲೆ ಅದೇ ಕಂಪನಿ ತನ್ನ ಹೊಸ ಕಾರುಗಳಿಗೆ ಏಳು ವರ್ಷದ ಸರ್ವಿಸನ್ನು ಬೆಲೆಯಲ್ಲೇ ಸೇರಿಸಿತು. ಕಾರು ಕೈ ಬದಲಾದರೂ ಆ ಸೌಲಭ್ಯ ಕಾರಿನ ಜತೆಗೇ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವನಿಗೆ ಏಳು ತುಂಬದ ಕಾರಿಗೂ ತುಂಬಿದ ಕಾರಿಗೂ ಇರುವ ಅಂತರ ಇದೇ.

ಶಿವಮೊಗ್ಗದಿಂದಲೋ ಮಂಗಳೂರಿನಿಂದಲೋ ಇಂಥ ಕಾರಿನ ಕಂಪನಿ ವರ್ಕ್‌ಷಾಪಿಗೆ ಹೋಗಬೇಕೆಂದರೆ ಹೆಚ್ಚಿನವರಿಗೆ ಬೆಂಗಳೂರೇ ಗತಿ. ಮುನ್ನೂರು, ಮುನ್ನೂರೈವತ್ತು ಕಿ.ಮೀ. ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಯುವಂತಿಲ್ಲ, ನಾಲ್ಕೂ ಗಾಲಿ ಮೇಲಿಡುವ ಲಾರಿಯಲ್ಲಿ ಮಲಗಿಸಿಕೊಂಡು ಹೋಗಬೇಕು. ಬಲ್ಲವರು ಕೊಂಡ ಬೆಲೆಯ ಜತೆಗೆ ಮೊದಲ ವರ್ಷಕ್ಕೆಂದೇ ಒಂದು ಗಂಟು ಬೇರೆ ಇಡುತ್ತಾರೆ. ಆ ಗಂಟಿಲ್ಲದವನಿಗೆ ಮೂವತ್ತು ಲಕ್ಷದ ಕಾರು ಮೂವತ್ತು ಲಕ್ಷಕ್ಕೂ ದುಬಾರಿ.

ಲೀಸು, ಬಾಡಿಗೆ, ಮದುವೆ ಮೆರವಣಿಗೆ

ಲೀಸು ಎಂದೊಡನೆ ನಮ್ಮವರಿಗೆ ನೆನಪಾಗುವುದು ಮನೆ ಭೋಗ್ಯ. ಒಂದಿಷ್ಟು ಲಕ್ಷ ಕೊಡು, ಬಾಡಿಗೆ ಇಲ್ಲದೆ ಇರು, ಬಿಡುವಾಗ ದುಡ್ಡು ವಾಪಸು. ಕಾರಿನ ಲೀಸು ಹಾಗಲ್ಲ. ತಿಂಗಳು ತಿಂಗಳು ಕಟ್ಟಬೇಕು, ಕೊನೆಗೆ ಕಾರೂ ಇಲ್ಲ, ದುಡ್ಡೂ ಇಲ್ಲ. ಇದು ಬೇರೂರಿದ್ದು ಅಮೆರಿಕದಲ್ಲಿ. ಅಲ್ಲಿ ಎರಡು ಬಗೆ. ಒಂದರಲ್ಲಿ ಅವಧಿ ಮುಗಿದ ಮೇಲೆ ಕೀಲಿ ಕೊಟ್ಟು ಬರಬಹುದು. ಗೊತ್ತುಪಡಿಸಿದ ಮೈಲಿ ಮೀರಿದ್ದರೆ, ಗೀರು ಬಿದ್ದಿದ್ದರೆ ಅದಕ್ಕೆ ದಂಡ. ಇನ್ನೊಂದರಲ್ಲಿ ಕೊನೆಗೆ ಕಾರಿನ ಬೆಲೆ ಅಂದಾಜಿಗಿಂತ ಇಳಿದರೆ ಆ ನಷ್ಟವನ್ನೂ ಲೀಸಿಗೆ ತೆಗೆದುಕೊಂಡವನೇ ತುಂಬಬೇಕು. ನಮ್ಮಲ್ಲಿ ಲೀಸು ಹೆಚ್ಚಾಗಿ ಕಂಪನಿಗಳ ವ್ಯವಹಾರ. ಅಂಗಡಿ ಲೆಕ್ಕದಲ್ಲಿ ಕಾರು ತೋರಿಸಿ ಜಿ.ಎಸ್.ಟಿ. ಕ್ರೆಡಿಟ್ ಪಡೆಯುವ ಆಸೆಯೂ ಬೇಡ. ಸಾಧಾರಣ ವ್ಯಾಪಾರಿಗೆ ಓಡಾಟದ ಕಾರಿನ ಮೇಲೆ ಅದು ಸಿಗೋದಿಲ್ಲ.

ಕಂತು ತೀರಿಸಲು ಇನ್ನೊಂದು ದಾರಿ ಹಿಡಿಯುವವರಿದ್ದಾರೆ: ಮದುವೆ ದಿಬ್ಬಣಕ್ಕೆ, ಫೋಟೋ ಷೂಟಿಗೆ ಬಾಡಿಗೆಗೆ ಬಿಡುವುದು. ಬಿಳಿ ಪ್ಲೇಟಿನ ಸ್ವಂತ ಕಾರನ್ನು ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸುವುದು ಅಪರಾಧ. ಅದಕ್ಕಿಂತ ಘೋರವಾದದ್ದು, ಸ್ವಂತ ಬಳಕೆಯ ಪಾಲಿಸಿ ಬಾಡಿಗೆ ಓಡಾಟಕ್ಕೆ ಅನ್ವಯಿಸುವುದಿಲ್ಲ. ದಿಬ್ಬಣದ ಗಲಾಟೆಯಲ್ಲಿ ಕಾರು ಯಾರ ಮೇಲಾದರೂ ಹರಿದರೆ ಪರಿಹಾರದ ಹೊಣೆ ಮಾಲೀಕನ ಮನೆಮಠಕ್ಕೇ ಬಂದೀತು.

ಸಾಕಪ್ಪಾ ಸಾಕು ಎಂದು ಮಾರುವವರಿಗೂ ಒಂದು ಮಾತು. ದುಡ್ಡು ಎಣಿಸಿಕೊಂಡು ಕೀಲಿ ಕೊಟ್ಟರೆ ಕೈತೊಳೆದಂತಲ್ಲ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣದಲ್ಲಿ ಕಾರು 2007ರಿಂದ ಒಬ್ಬರ ಕೈಯಿಂದ ಒಬ್ಬರಿಗೆ ಮಾರಾಟವಾಗುತ್ತ ಹೋಗಿತ್ತು. ಆರ್.ಸಿ. ಪುಸ್ತಕದಲ್ಲಿ ಮಾತ್ರ ಮೊದಲಿನವನ ಹೆಸರೇ ಉಳಿದಿತ್ತು. 2009ರಲ್ಲಿ ಅಪಘಾತವಾಯಿತು. ಪರಿಹಾರ ಕೊಡಬೇಕಾದವನು ಯಾರು ಎಂಬ ಪ್ರಶ್ನೆಗೆ ಕೋರ್ಟು ಬೆರಳು ತೋರಿಸಿದ್ದು ಪುಸ್ತಕದಲ್ಲಿ ಹೆಸರಿದ್ದವನ ಕಡೆಗೆ. ಅವನು ಆ ಕಾರನ್ನು ಮಾರಿ ಎರಡು ವರ್ಷವೇ ಆಗಿತ್ತು.